ಶಿಡ್ಲಘಟ್ಟ ರಸ್ತೆಯಿಂದ ಹೀಲಿಯಂ ತಾರೆಗಳತ್ತ

ಕೆಂಚಾರ್ಲಹಳ್ಳಿ ಕಡೆಯಿಂದ ಚಿಂತಾಮಣಿ ಮೇಲೆ ಬೆಂಗಳೂರಿಗೆ ಹೊರಟವರಿಗೆ ಹೊಸಕೋಟೆ ಎಂದರೆ ಬಸ್ಸು ನಿಂತು ಹೊರಡುವ ಊರು. ಈಚೆಗೆ ಬಿರಿಯಾನಿಯ ಊರು ಕೂಡ. ಅಲ್ಲಿನ ಶಿಡ್ಲಘಟ್ಟ ರಸ್ತೆಯಲ್ಲಿ ಭಾರತೀಯ ಖಭೌತ ಸಂಸ್ಥೆಯ ‘ಕ್ರೆಸ್ಟ್’ ಆವರಣವಿದೆ. ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ವ್ಯಾಸದ ‘ಚಂದ್ರ’ ಹೆಸರಿನ ದೂರದರ್ಶಕವನ್ನು ಖಗೋಳಜ್ಞರು ಇಲ್ಲಿ ಕೂತೇ ಉಪಗ್ರಹ ಸಂಪರ್ಕದ ಮೂಲಕ ಅತ್ತಿತ್ತ ತಿರುಗಿಸುತ್ತಾರೆ. 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹವನ್ನೇರಿ ಹೋದ ನೇರಳಾತೀತ ದೂರದರ್ಶಕವನ್ನು ಜೋಡಿಸಿದ್ದೂ ಇಲ್ಲೇ.

ನೇರಳಾತೀತ ಕಣ್ಣು ಬೇಕಾಗುವುದು ತೀರ ಬಿಸಿಯಾದ ತಾರೆಗಳಿಗೆ. ಹೀಲಿಯಂ ತುಂಬಿದ ಉಪಕುಬ್ಜಗಳು ಅಂಥವು: ತೂಕ ಸೂರ್ಯನ ಅರ್ಧದಷ್ಟು, ಮೈಶಾಖ ಹಲವುಗಳಲ್ಲಿ 30,000 ಡಿಗ್ರಿಗೂ ಮೇಲೆ. ಅವುಗಳ ಗುರುತ್ವಕ್ಕೆ ಹೀಲಿಯಂ ಒಳಗಿಳಿದು, ಹಗುರವಾದ ಜಲಜನಕ ಮೇಲೆ ತೇಲಬೇಕಿತ್ತು. ಹಾಗಾಗಿಲ್ಲ. ಎರಡು ಶ್ವೇತಕುಬ್ಜಗಳು ಬೆರೆತು ಒಂದಾದವೋ, ಕೊನೆಗಾಲದಲ್ಲಿ ಹೀಲಿಯಂ ಭುಗಿಲೆದ್ದು ಒಡಲನ್ನೇ ಕಲಕಿತೋ!

ಈ ಗುಂಪಿನ ಕೆಲವು ತಾರೆಗಳ ಬೆಳಕು ಏರಿಳಿಯುತ್ತದೆ. ಜೊತೆ ತಾರೆ ಸುತ್ತುತ್ತಿದ್ದರೂ ಹಾಗಾಗಬಹುದು. ಸ್ವಾರಸ್ಯ ಇರುವುದು ತಾರೆ ತಾನೇ ಮಿಡಿಯುವಾಗ. ಇನ್ನೂ ಉಪಕುಬ್ಜವಾಗದ, ಹೀಲಿಯಂ ತುಂಬಿದ ವಿ652 ಹರ್ಕ್ಯುಲಿಸ್ ತಾರೆ ಸುಮಾರು ಎರಡೂವರೆ ಗಂಟೆಗೊಮ್ಮೆ ಉಬ್ಬಿ ಕುಗ್ಗುತ್ತದೆ. ಒಳಪದರದ ಕಬ್ಬಿಣ, ನಿಕ್ಕಲ್ ಶಾಖವನ್ನು ತಡೆದು, ಒತ್ತಡ ಹೆಚ್ಚಿದಾಗ ಬಿಡುತ್ತವೆ. ಕುದಿವ ಅನ್ನದ ಪಾತ್ರೆಯ ಮುಚ್ಚಳದ ಹಾಗೆ. ಅದರ ಮಿಡಿತದ ಅವಧಿ ವರ್ಷವರ್ಷ ಕಿರಿದಾಗುತ್ತಿದೆ, ಅಂದರೆ ತಾರೆ ಕುಗ್ಗುತ್ತಿದೆ. ಮುಂದೊಂದು ದಿನ ಅದೂ ಉಪಕುಬ್ಜವೇ.

ಎಲ್‌ಎಸ್ ಐವಿ–14°116 ಎಂಬ ಉಪಕುಬ್ಜಕ್ಕೆ ಮಾತ್ರ ಈ ವಿವರಣೆ ಒಗ್ಗಲಿಲ್ಲ. ಅಷ್ಟು ಬಿಸಿಯಿದ್ದೂ ಅದರ ಮಿಡಿತಗಳು ನಿರೀಕ್ಷೆಗಿಂತ ನಿಧಾನ, ಅರ್ಧ ಗಂಟೆಗಿಂತ ದೀರ್ಘ. ಮೈಮೇಲಿನ ಜಿರ್ಕೋನಿಯಂ ಸೂರ್ಯನಲ್ಲಿರುವುದರ ಸುಮಾರು 10,000 ಪಟ್ಟು. ಹೀಲಿಯಂ ಉರಿಯೇ ಅಸ್ಥಿರವಾಗಿ ಅದನ್ನು ಅಲುಗಿಸುತ್ತಿದೆ ಎಂದು ಒಂದು ವಾದ. ಇಂಗಾಲ, ಆಮ್ಲಜನಕಗಳು ಕಬ್ಬಿಣದ ಕೆಲಸ ಮಾಡುತ್ತಿವೆ ಎಂದು ಇನ್ನೊಂದು. ನನಗೆ ಎರಡನೆಯದೇ ಹಿಡಿಸುತ್ತದೆ: ಹೊಸ ಕಾರಣ ಹುಡುಕದೆ, ಹಳೆಯ ಯಂತ್ರಕ್ಕೆ ಬೇರೆ ಧಾತು ಹಾಕುತ್ತದೆ.

ಜಲಜನಕ ಕಳೆದುಕೊಂಡ ತಾರೆಗಳ ಮಾತು ಕರ್ನಾಟಕಕ್ಕೆ ಹೊಸದಲ್ಲ. 1985ರ ನವೆಂಬರ್‌ನಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಅವುಗಳಿಗೆಂದೇ ಗೋಷ್ಠಿ ನಡೆಸಿದ್ದು ಮೈಸೂರಿನಲ್ಲಿ. ಅದರ ಪ್ರಬಂಧಗಳನ್ನು ಸಂಪಾದಿಸಿದ ಮೂವರಲ್ಲಿ ಭಾರತೀಯ ಖಭೌತ ಸಂಸ್ಥೆಯ ಎನ್. ಕಾಮೇಶ್ವರ ರಾವ್ ಒಬ್ಬರು. ಎಲ್‌ಎಸ್ ಐವಿ–14°116ರ ಹಾಗೆ ಮಿಡಿಯುವ ಇನ್ನೊಂದು ತಾರೆ ಬಹುಕಾಲ ಗೊತ್ತಿರಲಿಲ್ಲ. 2019ರಲ್ಲಿ ಫೀಜ್ 46 ಸಿಕ್ಕಿತು: ಅದೇ ಬಗೆಯ ಮಿಡಿತ, ಅದರಲ್ಲೂ ಜಿರ್ಕೋನಿಯಂ.