ಕೊನೆಯ ನಿಲ್ದಾಣದಲ್ಲಿ ಇಳಿಯುವ ಕಿರಣ

ಕ್ಷ-ಕಿರಣಗಳ ಪಾಠ ಮುಗಿದ ದಿನ ವಿದ್ಯಾರ್ಥಿಯೊಬ್ಬನು ಹಿಂದುಳಿದು ಕೇಳಿದನು: "ಸಾರ್, ನಮ್ಮ ಅಜ್ಜಿಗೆ ಗಂಟಲಿನ ಕ್ಯಾನ್ಸರ್. ಕಿರಣ ಕೊಟ್ಟ ಮೇಲೆ ಬಾಯೆಲ್ಲ ಹುಣ್ಣಾಗಿದೆ. ರೋಗವಿರುವಲ್ಲಿಗೇ ಹೋಗಿ ನಿಲ್ಲುವ ಕಿರಣವಿಲ್ಲವೇ?"

ಪ್ರಶ್ನೆ ಚಿಕ್ಕದು, ಅದರ ಹಿಂದಿನ ಭೌತವಿಜ್ಞಾನ ದೊಡ್ಡದು.

ಶಿವಾಜಿನಗರದಿಂದ ಹಲಸೂರು, ಇಂದಿರಾನಗರಗಳ ಮೂಲಕ ಕೃಷ್ಣರಾಜಪುರಕ್ಕೆ ಹೊರಟ ಬಸ್ಸೊಂದನ್ನು ಊಹಿಸಿಕೊಳ್ಳಿ. ಪ್ರಯಾಣಿಕರೇ ಶಕ್ತಿ, ಗೆಡ್ಡೆಯಿರುವುದು ಕೃಷ್ಣರಾಜಪುರದಲ್ಲಿ. ಕ್ಷ-ಕಿರಣವೆಂಬ ಬಸ್ಸಿನಿಂದ ಹೊರಟ ಸ್ವಲ್ಪ ದೂರದಲ್ಲಿಯೇ ಬಹು ಜನ ಇಳಿಯುತ್ತಾರೆ. ಮುಂದೆ ನಿಲ್ದಾಣದಿಂದ ನಿಲ್ದಾಣಕ್ಕೆ ಇಳಿಯುವವರು ಕಡಿಮೆಯಾಗುತ್ತ, ಕೃಷ್ಣರಾಜಪುರವನ್ನು ದಾಟಿದ ಮೇಲೂ ಕೆಲವರು ಉಳಿದಿರುತ್ತಾರೆ. ವೈದ್ಯರು ಹಲವು ದಿಕ್ಕುಗಳಿಂದ ಕಿರಣ ಹಾಯಿಸಿ ಗೆಡ್ಡೆಯಲ್ಲಿ ಶಕ್ತಿಯನ್ನು ಕೂಡಿಸುತ್ತಾರೆ. ಆದರೂ ದಾರಿಯಲ್ಲಿರುವ ಆರೋಗ್ಯವಂತ ಜೀವಕೋಶಗಳು ಸುಂಕ ತೆರಲೇಬೇಕು.

ವಿದ್ಯುದಂಶವುಳ್ಳ ಕಣದ ನಡೆ ಬೇರೆ. ರೇಡಿಯಮ್ಮಿನಿಂದ ಹೊಮ್ಮುವ ಆಲ್ಫಾ ಕಣಗಳು ತಮ್ಮ ಪಯಣದ ಕೊನೆಯಲ್ಲಿಯೇ ಹೆಚ್ಚು ಶಕ್ತಿಯನ್ನು ಚೆಲ್ಲುವುದನ್ನು ವಿಲಿಯಂ ಹೆನ್ರಿ ಬ್ರಾಗ್ 1904ರಲ್ಲಿ ಕಂಡನು. ಇದಕ್ಕೆ ಕಾರಣ ಸರಳ. ವೇಗವಾಗಿ ಸಾಗುವ ಕಣಕ್ಕೆ ದಾರಿಯ ಎಲೆಕ್ಟ್ರಾನುಗಳನ್ನು ಎಳೆಯಲು ಸಮಯವಿಲ್ಲ. ನಿಧಾನವಾದಂತೆಲ್ಲ ಸಮಯ ಹೆಚ್ಚುತ್ತದೆ. ವೇಗ ಅರ್ಧವಾದರೆ ಶಕ್ತಿನಷ್ಟ ಸುಮಾರು ನಾಲ್ಕು ಪಟ್ಟಾಗುತ್ತದೆ. ಹೀಗಾಗಿ ಈ ಬಸ್ಸಿನ ಹೆಚ್ಚಿನ ಪ್ರಯಾಣಿಕರು ಇಳಿಯುವುದು ಕೊನೆಯ ನಿಲ್ದಾಣದಲ್ಲಿಯೇ!

ಜಲಜನಕದ ಬೀಜವಾದ ಪ್ರೋಟಾನಿನಲ್ಲಿಯೂ ಈ ಗುಣವಿದೆ. ಹಾಗಾದರೆ ಹನ್ನೆರಡು ಪಟ್ಟು ಭಾರದ ಇಂಗಾಲದ ಅಯಾನು ಏಕೆ ಬೇಕು? ಅದರ ವಿದ್ಯುದಂಶ ಪ್ರೋಟಾನಿನ ಆರು ಪಟ್ಟು; ಸಮಾನ ವೇಗದಲ್ಲಿ ಅದು ದಾರಿಯಲ್ಲಿ ಬಿಡುವ ಶಕ್ತಿ ಆರರ ವರ್ಗ, ಎಂದರೆ 36 ಪಟ್ಟು. ಗುರಿಯ ಬಳಿ ಅದು ಜೀವಕೋಶದ ಡಿಎನ್ಎಯ ಎರಡೂ ಎಳೆಗಳನ್ನು ಒಟ್ಟೊಟ್ಟಿಗೆ ತುಂಡರಿಸಬಲ್ಲುದು; ಅಂಥ ಗಾಯವನ್ನು ಕೋಶ ಸುಲಭವಾಗಿ ಸರಿಪಡಿಸಿಕೊಳ್ಳಲಾರದು. ಆಮ್ಲಜನಕ ಕಡಿಮೆಯಿರುವ ಗೆಡ್ಡೆಗಳು ಕ್ಷ-ಕಿರಣಕ್ಕೆ ಜಗ್ಗುವುದು ಕಷ್ಟ. ಇಂಗಾಲಕ್ಕೆ ಈ ತಡೆ ಅಷ್ಟಾಗಿ ಇಲ್ಲ.

ದೇಹದೊಳಗೆ 30 ಸೆಂಟಿಮೀಟರು ಸಾಗಲು ಇಂಗಾಲದ ಬೀಜದ ಪ್ರತಿಯೊಂದು ನ್ಯೂಕ್ಲಿಯಾನಿಗೂ ಸುಮಾರು 430 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಆಗ ಅದರ ವೇಗ ಬೆಳಕಿನ ವೇಗದ ಶೇಕಡಾ 73ರಷ್ಟು! ಅಮೆರಿಕದ ಬರ್ಕ್ಲಿಯಲ್ಲಿ 1975ರಿಂದ 1992ರವರೆಗೆ ಭಾರ ಅಯಾನುಗಳ ಪ್ರಯೋಗ ನಡೆಯಿತು. ಜಪಾನಿನ ಚಿಬಾದಲ್ಲಿ 1994ರಲ್ಲಿ ಇಂಗಾಲದ ಚಿಕಿತ್ಸೆ ಆರಂಭವಾಯಿತು. ಜರ್ಮನಿಯ ಹೈಡಲ್‌ಬರ್ಗಿನಲ್ಲಿ ರೋಗಿಯ ಸುತ್ತ ಕಿರಣವನ್ನು ತಿರುಗಿಸುವ ಯಂತ್ರವೊಂದರ ತೂಕವೇ ಸುಮಾರು 670 ಟನ್ನು.

ದೋಷಗಳೂ ಉಂಟು. ಕೆಲವು ಅಯಾನುಗಳು ದಾರಿಯಲ್ಲಿ ಒಡೆದು, ಅವುಗಳ ಚೂರುಗಳು ಕೃಷ್ಣರಾಜಪುರದಾಚೆಗೂ ಹೋಗಿಬಿಡುತ್ತವೆ. ಉಸಿರಾಟದೊಡನೆ ಗೆಡ್ಡೆ ಅಲುಗಿದರೆ ಗುರಿ ತಪ್ಪಬಹುದು. ವೆಚ್ಚವಂತೂ ಅಪಾರ. ಎಲ್ಲ ಬಗೆಯ ಕ್ಯಾನ್ಸರಿಗೂ ಇದೇ ಮೇಲೆಂದು ಹೇಳುವಂತಿಲ್ಲ.

ನಮ್ಮ ದೇಶದಲ್ಲಿ ಇಂಗಾಲದ ಚಿಕಿತ್ಸೆ ಇನ್ನೂ ಬಂದಿಲ್ಲ. ಆದರೆ ಪ್ರೋಟಾನ್ ಚಿಕಿತ್ಸೆ 2019ರಲ್ಲಿ ಚೆನ್ನೈಗೆ ಬಂದಿತು. ನಮ್ಮ ದಂಡು ನಿಲ್ದಾಣದಲ್ಲಿ ರೈಲು ಹತ್ತಿದರೆ ಅರ್ಧ ದಿನದೊಳಗೆ ಆ ಊರು.

"ಅಂಥ ಕಿರಣ ಉಂಟಪ್ಪ," ಎಂದೆನು. "ಅದು ಅಜ್ಜಿಗೆ ಹೊಂದುವುದೋ ಇಲ್ಲವೋ ಎಂಬುದನ್ನು ಅವರ ವೈದ್ಯರೇ ಹೇಳಬೇಕು. ಆ ಯಂತ್ರವನ್ನು ಚಿಕ್ಕದಾಗಿ, ಅಗ್ಗವಾಗಿ ಮಾಡುವ ಕೆಲಸ ಮಾತ್ರ ಇನ್ನೂ ಬಾಕಿಯಿದೆ." ಅವನು ಪುಸ್ತಕದಲ್ಲಿ ಬ್ರಾಗನ ಹೆಸರನ್ನು ಬರೆದುಕೊಂಡು ಹೋದನು.