ಮೊದಲ ಲೋಡು ಬೇಳೆ ಕಳಿಸುವ ಮುನ್ನ ಕರಾರು ಪತ್ರ ಓದಿ

ತೊಗರಿ ರಾಶಿ ಮುಗಿದು ಕಾಳು ಮನೆ ಸೇರುವ ಹೊತ್ತಿಗೆ ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ ಈಚೆಗೆ ಒಂದು ಹೊಸ ಮಾತು ಕೇಳಿಬರುತ್ತಿದೆ. ಕಾಳನ್ನು ಅಡತಿಗೆ ಹಾಕುವ ಬದಲು ರೈತರೇ ಸೇರಿ ಕಟ್ಟಿದ ಕಂಪನಿಗೆ ಕೊಟ್ಟು, ಬೇಳೆ ಮಾಡಿ, ಪಟ್ಟಣದ ಅಂಗಡಿ, ಹಾಸ್ಟೆಲು, ಹೋಟೆಲುಗಳಿಗೆ ನೇರವಾಗಿ ಮಾರೋಣ ಎಂಬ ಮಾತು ಅದು. 2002ರಲ್ಲಿ ಕಂಪನಿ ಕಾಯ್ದೆಗೆ ಆದ ತಿದ್ದುಪಡಿ ಇದಕ್ಕೆ ದಾರಿ ಮಾಡಿಕೊಟ್ಟಿತು. 10 ಮಂದಿ ಬೆಳೆಗಾರರು ಸೇರಿದರೂ ಉತ್ಪಾದಕರ ಕಂಪನಿ ನೋಂದಾಯಿಸಬಹುದು. ದೇಶದಲ್ಲಿ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಕೇಂದ್ರದ ಯೋಜನೆ 2020ರಲ್ಲಿ ಬಂದ ಮೇಲೆ ಕಂಪನಿ ಕಟ್ಟುವ ವಿಧಾನ ಹೇಳಿಕೊಡುವವರಿಗೆ ಕೊರತೆ ಇಲ್ಲ. ಆದರೆ ಮೊದಲ ಗಿರಾಕಿ ಕರಾರು ಪತ್ರ ಹಿಡಿದು ಬಂದಾಗ ಅದರಲ್ಲಿ ಏನನ್ನು ನೋಡಬೇಕೆಂದು ಹೇಳುವವರು ವಿರಳ.

ಸಾಮಾನ್ಯವಾಗಿ ಎಲ್ಲರ ಕಣ್ಣೂ ದರದ ಮೇಲೆ ಬೀಳುತ್ತದೆ. ಪೇಟೆಗಿಂತ ಕ್ವಿಂಟಲಿಗೆ 200 ರೂ. ಹೆಚ್ಚು ಎಂದರೆ ಆಡಳಿತ ಮಂಡಳಿಯವರು ಅಲ್ಲಿಗೇ ಸಹಿ ಹಾಕಿಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಹೊಸ ಕಂಪನಿಯನ್ನು ಉಳಿಸುವುದೂ ಮುಳುಗಿಸುವುದೂ ದರವಲ್ಲ, ಹಣ ಬರುವ ದಿನ.

ಒಂದು ಲೆಕ್ಕ ನೋಡಿ. 500 ಮಂದಿ ಸದಸ್ಯರು ತಲಾ 1,000 ರೂ. ಷೇರು ಕಟ್ಟಿದರೆ ಕಂಪನಿಯ ಸ್ವಂತ ಬಂಡವಾಳ 5 ಲಕ್ಷ. ಲೆಕ್ಕಕ್ಕೆಂದು ಬೇಳೆಯನ್ನು ಕ್ವಿಂಟಲಿಗೆ 10,000 ರೂ. ಹಿಡಿದರೆ 10 ಟನ್ನಿನ ಒಂದು ಲೋಡಿನ ಬೆಲೆ 10 ಲಕ್ಷ, ಅಂದರೆ ಬಂಡವಾಳದ ಎರಡು ಪಟ್ಟು. ಕೊಳ್ಳುವವನು 60 ದಿನದ ಉದ್ರಿ ಕೇಳಿ, ಆ ಎರಡು ತಿಂಗಳಲ್ಲಿ ಮೂರು ಲೋಡು ಹೋದರೆ 30 ಲಕ್ಷ ಹೊರಗೆ ನಿಂತಿತು. ಕಾಳು ಕೊಟ್ಟ ಸದಸ್ಯನಿಗೋ ಮಗಳ ಮದುವೆ, ಸೊಸೈಟಿ ಸಾಲದ ಕಂತು. ಅವನು ಕಾಯುವುದು ಒಂದು ವರ್ಷ. ಮರುವರ್ಷ ಅಡತಿಗೇ ಹೋಗುತ್ತಾನೆ. ಹೋದರೆ ತಪ್ಪು ಅವನದಲ್ಲ. ದರ 100 ರೂ. ಕಡಿಮೆಯಾದರೂ ಚಿಂತೆಯಿಲ್ಲ, ಲೋಡು ಹೊರಡುವ ಮುನ್ನ ಅರ್ಧ ಹಣ, ಇಳಿಸಿದ 15 ದಿನದೊಳಗೆ ಉಳಿದರ್ಧ ಎಂದು ಬರೆಸಿಕೊಳ್ಳುವುದು ಮೇಲು. ಮೊದಲ ಲೋಡಿನ ಹಣ ಪೂರ್ತಿ ಬಾರದೆ ಮೂರನೆಯದು ಹೊರಡದು ಎಂಬ ಷರತ್ತೂ ಇರಲಿ.

ಕಬ್ಬಿನ ರೈತರಿಗೆ 1966ರ ಕಬ್ಬು ನಿಯಂತ್ರಣ ಆದೇಶದ ಆಸರೆ ಇದೆ. ಕಬ್ಬು ಒಪ್ಪಿಸಿದ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ. ತೊಗರಿಗೆ ಅಂಥ ಆದೇಶವಿಲ್ಲ. ಕಂಪನಿ ತಾನೇ ಗಿರಣಿ ಇಟ್ಟು ಬೇಳೆ ಮಾಡುತ್ತಿದ್ದರೆ ಮಾತ್ರ 2006ರ ಸಣ್ಣ ಉದ್ದಿಮೆಗಳ ಕಾಯ್ದೆಯ ನೆರಳು ಸಿಗುತ್ತದೆ. ‘ಉದ್ಯಮ್’ ನೋಂದಣಿಗೆ ಶುಲ್ಕವಿಲ್ಲ. ಮೊದಲ ಲೋಡು ಕಳಿಸುವುದಕ್ಕೆ ಮುಂಚೆಯೇ ಮಾಡಿಸಿಕೊಳ್ಳಿ. ಆ ಕಾಯ್ದೆಯಂತೆ ಕರಾರಿನಲ್ಲಿ ಏನೇ ಬರೆದಿರಲಿ, ಮಾಲು ಒಪ್ಪಿಕೊಂಡ 45 ದಿನದೊಳಗೆ ಹಣ ಸಲ್ಲಬೇಕು. ವಾಯಿದೆಯನ್ನೇ ಬರೆಯದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕಾಳನ್ನೇ ಕೊಂಡು ಕಾಳನ್ನೇ ಮಾರುವ ಕಂಪನಿಯವರು ಈ ರಕ್ಷಣೆ ತಮಗಿಲ್ಲವೆಂದೇ ತಿಳಿದು, ಉದ್ರಿ ಕೊಡದೆ ವ್ಯವಹರಿಸುವುದು ಲೇಸು.

ತೂಕ ಮತ್ತು ಗುಣಮಟ್ಟ

ಜಗಳ ಹುಟ್ಟುವ ಎರಡನೆಯ ಜಾಗ ಇದು. ‘ಉತ್ತಮ ಗುಣಮಟ್ಟದ ಬೇಳೆ’ ಎಂದಷ್ಟೇ ಬರೆದ ಕರಾರು ಕೊಳ್ಳುವವನಿಗೆ ಮಾತ್ರ ಅನುಕೂಲ. ಪೇಟೆಯಲ್ಲಿ ದರ ಇಳಿದ ದಿನ ಅವನ ಕಣ್ಣಿಗೆ ನಿಮ್ಮ ಬೇಳೆಯಲ್ಲಿ ನುಚ್ಚು ಕಾಣಿಸತೊಡಗುತ್ತದೆ! ತೇವಾಂಶ ಶೇಕಡಾ ಎಷ್ಟು, ನುಚ್ಚು ಎಷ್ಟು, ಸಿಪ್ಪೆ ಬಿಡದ ಕಾಳು ಎಷ್ಟು ಎಂಬುದನ್ನು ಅಂಕಿಯಲ್ಲೇ ಬರೆಯಬೇಕು. ಬೆಂಬಲ ಬೆಲೆಯಲ್ಲಿ ತೊಗರಿ ಕೊಳ್ಳುವಾಗಲೂ ತೇವಾಂಶ ಶೇ. 12 ಮೀರಬಾರದೆಂಬ ಮಿತಿ ಇರುವುದು ನಿಮಗೆ ಗೊತ್ತೇ ಇದೆ. ಸದಸ್ಯರಿಂದ ಕಾಳು ಕೊಳ್ಳುವಾಗಲೂ ಅದೇ ಅಳತೆ ಇಟ್ಟುಕೊಳ್ಳದಿದ್ದರೆ ಹಸಿ ಕಾಳಿನ ನಷ್ಟ ಕಂಪನಿಯ ತಲೆಗೇ ಬರುತ್ತದೆ.

ಲೋಡು ಹೊರಡುವ ದಿನ ಒಂದೇ ರಾಶಿಯಿಂದ ಮೂರು ಸ್ಯಾಂಪಲ್ ತೆಗೆದು, ಇಬ್ಬರೂ ಸಹಿ ಮಾಡಿ ಮೊಹರು ಹಾಕಿ, ಒಂದನ್ನು ನೀವು, ಒಂದನ್ನು ಕೊಳ್ಳುವವರು ಇಟ್ಟುಕೊಂಡು ಮೂರನೆಯದನ್ನು ತಕರಾರು ಬಂದರೆ ಪರೀಕ್ಷೆಗೆ ಕಾದಿಡಬೇಕು. ತೂಕ ಯಾವ ಕಾಂಟಾದ್ದು, ಗೋಣಿಚೀಲ ಯಾರದು, ಹಮಾಲಿ ಮತ್ತು ಲಾರಿ ಬಾಡಿಗೆ ಯಾರು ಕೊಡುವುದು ಎಂಬುದೂ ಬರಹದಲ್ಲಿರಲಿ. ತಕರಾರಿಗೂ ಒಂದು ಗಡುವು ಬೇಕು. ಮೇಲೆ ಹೇಳಿದ 2006ರ ಕಾಯ್ದೆಯಲ್ಲಿ, ಮಾಲು ಮುಟ್ಟಿದ 15 ದಿನದೊಳಗೆ ಲಿಖಿತ ಆಕ್ಷೇಪಣೆ ಬಾರದಿದ್ದರೆ ಒಪ್ಪಿಕೊಂಡಂತೆಯೇ ಲೆಕ್ಕ. ಬೇಳೆಗೆ ನನ್ನನ್ನು ಕೇಳಿದರೆ ಮೂರು ದಿನ ಸಾಕು.

ದೊಡ್ಡ ವ್ಯಾಪಾರಿಗಳು ಸಿದ್ಧ ಅಚ್ಚಿನ ಕರಾರು ತರುತ್ತಾರೆ. ಅದರಲ್ಲಿ ‘ಬೇರೆ ಯಾರಿಗೂ ಮಾರಕೂಡದು’ ಎಂಬ ಸಾಲು ಇದ್ದರೆ ಹೊಡೆದುಹಾಕಲು ಹೇಳಿ. ಅವರು ಒಪ್ಪದಿದ್ದರೆ, ಇಷ್ಟು ಟನ್ ಕೊಂಡೇ ತೀರುತ್ತೇವೆ ಎಂಬ ಸಾಲನ್ನು ಅವರಿಂದಲೂ ಬರೆಸಿ. ಮೊದಲ ವರ್ಷ ಸರಕಿನ ಅರ್ಧಕ್ಕಿಂತ ಹೆಚ್ಚನ್ನು ಒಬ್ಬನಿಗೇ ಕೊಡುವುದು ಬೇಡ. ಹೂವಿನ ಕಾಲದಲ್ಲಿ ಮೋಡ ಕವಿದು ಕಾಯಿಕೊರಕ ಬಿದ್ದರೆ, ನೆಟೆ ರೋಗಕ್ಕೆ ಹೊಲವೇ ಒಣಗಿದರೆ ಒಪ್ಪಿದ 50 ಟನ್ ಎಲ್ಲಿಂದ ತರುವುದು? ‘ಸದಸ್ಯರ ಹೊಲದಲ್ಲಿ ಬೆಳೆದ ತೊಗರಿಯ ಮಟ್ಟಿಗೆ’ ಎಂಬ ಮಾತು ಸೇರಿಸಿದರೆ, ಬೆಳೆ ಕೈಕೊಟ್ಟ ವರ್ಷ ದಂಡ ತೆರುವ ಭಯ ಕಡಿಮೆ.

ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಗಿರಾಕಿ ಅದೇ ಹೆಸರಿನ ಪ್ಯಾಕೆಟ್ ಕೇಳಿದರೆ, ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡ ಮೇಲಷ್ಟೇ ಒಪ್ಪಿಕೊಳ್ಳಿ.

ಬಾಯಿಮಾತಿನ ಕರಾರೂ 1872ರ ಕಾಯ್ದೆಯಂತೆ ಕರಾರೇ ಹೌದು, ಆದರೆ ಅದನ್ನು ನ್ಯಾಯಾಲಯದಲ್ಲಿ ರುಜುವಾತು ಮಾಡುವುದು ಕಷ್ಟ. ಯಾರು ಸಹಿ ಮಾಡಬೇಕೆಂದು ಆಡಳಿತ ಮಂಡಳಿ ಮೊದಲು ಠರಾವು ಮಾಡಲಿ. ಬಾಕಿಗೆ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷದ ಅವಧಿ ಇರುವುದರಿಂದ ಕರಾರಿನ ಪ್ರತಿ, ಬಿಲ್ಲು, ಕಾಂಟಾ ಚೀಟಿ, ಮಾಲು ಮುಟ್ಟಿದ್ದಕ್ಕೆ ಸಹಿ ಮಾಡಿದ ರಸೀದಿಗಳನ್ನು ಅಷ್ಟು ಕಾಲವಾದರೂ ಕಾರ್ಯದರ್ಶಿಯ ಮನೆಯಲ್ಲಲ್ಲ, ಕಂಪನಿಯ ಕಪಾಟಿನಲ್ಲಿ ಇಡಿ.