ಇಬ್ಬರಿಗೊಂದು ಗಣಕಯಂತ್ರ: ಸಣ್ಣದೊಂದು ಸಂಸ್ಥೆಯ ಕಾರ್ಯಸಂಸ್ಕೃತಿ

'ಉದ್ಯೋಗ' ಎಂಬ ಶಬ್ದವನ್ನು ಬಿಡಿಸಿ ನೋಡಿದರೆ ಅದರೊಳಗೆ 'ಯುಜ್' ಎಂಬ ಧಾತುವು ಗೋಚರಿಸುತ್ತದೆ. ಕೂಡಿಸು, ಜೋಡಿಸು ಎಂಬುದು ಆ ಧಾತುವಿನ ಅರ್ಥ. ಜೋಡಿ ಎಂಬರ್ಥವನ್ನು ಕೊಡುವ 'ಯುಗ್ಮ' ಶಬ್ದವೂ ಅದೇ ಧಾತುವಿನಿಂದ ಹುಟ್ಟಿದುದು. ಲೋಕವ್ಯವಹಾರದಲ್ಲಿ ಈ ಅರ್ಥವು ಮರೆಯಾಗಿ, ಉದ್ಯೋಗವೆಂದರೆ ಸಂಬಳ, ಹುದ್ದೆ, ಬಡ್ತಿ ಎಂಬಷ್ಟೇ ಉಳಿದಿದೆ. ಆದರೂ ದಿನದ ಎಂಟು ಹತ್ತು ಗಂಟೆಗಳನ್ನು ಒಂದೆಡೆ ಕಳೆಯುವ ಮನುಷ್ಯನಿಗೆ ಆ ಸ್ಥಳದ ಒಳಬಾಳು ಹೇಗಿದೆ ಎಂಬುದು ಸಂಬಳದಷ್ಟೇ ಮುಖ್ಯವಾದ ಸಂಗತಿ. ಆ ಒಳಬಾಳಿಗೆ ಈಗ 'ಕಾರ್ಯಸಂಸ್ಕೃತಿ' ಎಂಬ ಹೆಸರು ರೂಢಿಗೆ ಬಂದಿದೆ. ಕಚೇರಿಯ ನಿಯಮಗಳನ್ನು ಅಚ್ಚು ಮಾಡಿಸಿ ಗೋಡೆಗೆ ತೂಗುಹಾಕಬಹುದು. ಸಂಸ್ಕೃತಿಯನ್ನು ಹಾಗೆ ತೂಗುಹಾಕಲಾಗದು. 'ನನಗೆ ಗೊತ್ತಿಲ್ಲ', 'ನನ್ನಿಂದ ತಪ್ಪಾಯಿತು' ಎಂದು ಒಬ್ಬ ನೌಕರನು ಬಾಯಿಬಿಟ್ಟು ಹೇಳಿದಾಗ ಅವನಿಗೆ ಏನಾಗುತ್ತದೆ ಎಂಬುದನ್ನು ಗಮನಿಸಿದರೆ ಸಾಕು, ಅಲ್ಲಿಯ ಸಂಸ್ಕೃತಿ ತಿಳಿಯುತ್ತದೆ.

ಗಣಕಯಂತ್ರದ ಕ್ಷೇತ್ರದಲ್ಲಿರುವ ಸಣ್ಣ ಸಲಹಾಸಂಸ್ಥೆಗಳಲ್ಲಿ ಈ ಪ್ರಶ್ನೆ ವಿಶೇಷವಾಗಿ ತೀಕ್ಷ್ಣವಾಗುತ್ತದೆ. ಅಂಥ ಸಂಸ್ಥೆಯು ಸಿದ್ಧವಸ್ತುವನ್ನು ಮಾರುವುದಿಲ್ಲ. ಬೇರೆಯವರಿಗೆ ಬೇಕಾದ ತಂತ್ರಾಂಶವನ್ನು ರಚಿಸಿಕೊಟ್ಟು, ತನ್ನ ನೌಕರರ ಬುದ್ಧಿಯನ್ನೂ ಸಮಯವನ್ನೂ ಗಂಟೆಯ ಲೆಕ್ಕದಲ್ಲಿ ಮಾರುತ್ತದೆ. ಆದುದರಿಂದ ಒಪ್ಪಿಕೊಂಡ ಗಡುವು ಸಮೀಪಿಸಿದಂತೆ ನೌಕರರ ರಾತ್ರಿಗಳಿಗೂ ಭಾನುವಾರಗಳಿಗೂ ಕೈಹಾಕುವ ಪ್ರಲೋಭನೆ ಸಹಜವಾಗಿಯೇ ಉಂಟಾಗುತ್ತದೆ. ಜನರು ಕಡಿಮೆಯಿರುವುದರಿಂದ ಒಂದೊಂದು ಕೆಲಸದ ಮರ್ಮವು ಒಬ್ಬೊಬ್ಬನ ತಲೆಯಲ್ಲಿಯೇ ಉಳಿದುಬಿಡುತ್ತದೆ. ಅವನು ಮನೆಯ ಮದುವೆಗೆ ಹೋಗಬೇಕೆಂದರೂ ರಜೆ ಕೇಳಲು ಅಂಜುತ್ತಾನೆ; ಅವನು ಬರೆದುದನ್ನು ಮುಟ್ಟಲು ಜೊತೆಯವರು ಅಂಜುತ್ತಾರೆ; ಅವನು ಬಿಟ್ಟುಹೋದರೆ ಗತಿಯೇನೆಂದು ಯಜಮಾನನು ಅಂಜುತ್ತಾನೆ. ಹೀಗೆ ಎಲ್ಲರನ್ನೂ ಆಳುವುದು ಭಯವೊಂದೇ. ಬೆಂಗಳೂರಿನ ತಂತ್ರಾಂಶ ಸಂಸ್ಥೆಗಳಲ್ಲಿ ದುಡಿಯುವ ಕನ್ನಡದ ತರುಣರಿಗೆ ಈ ಚಿತ್ರ ಅಪರಿಚಿತವಲ್ಲ.

ಈ ಭಯವನ್ನು ಕಳೆಯುವುದನ್ನೇ ಉದ್ದೇಶವಾಗಿಟ್ಟುಕೊಂಡು ನಡೆದ ಒಂದು ಪ್ರಯೋಗ ಅಮೆರಿಕದಲ್ಲಿದೆ. ಮಿಷಿಗನ್ ರಾಜ್ಯದ ಆನ್ ಆರ್ಬರ್ ಪಟ್ಟಣದಲ್ಲಿ 2001ರಲ್ಲಿ ರಿಚರ್ಡ್ ಶೆರಿಡನ್ ಮತ್ತು ಸಂಗಡಿಗರು ಮೆನ್ಲೊ ಇನ್ನೊವೇಷನ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ವಿಜ್ಞಾನಿ ಎಡಿಸನ್ನನ ಪ್ರಯೋಗಶಾಲೆಯಿದ್ದ ನ್ಯೂಜೆರ್ಸಿಯ ಮೆನ್ಲೊ ಪಾರ್ಕ್ ಎಂಬ ಊರಿನಿಂದ ಈ ಹೆಸರು ಬಂದಿದೆ. ಶೆರಿಡನ್ನರು ಅದಕ್ಕೆ ಮೊದಲು ಬೇರೊಂದು ಸಂಸ್ಥೆಯಲ್ಲಿ ಉನ್ನತ ಹುದ್ದೆಯಲ್ಲಿದ್ದವರು. ಬಾಲ್ಯದಲ್ಲಿ ಆನಂದ ಕೊಟ್ಟಿದ್ದ ವಿದ್ಯೆಯೇ ಉದ್ಯೋಗವಾದ ಮೇಲೆ ಬೇಸರಕ್ಕೂ ಆತಂಕಕ್ಕೂ ಕಾರಣವಾದುದನ್ನು ಅವರು 2013ರಲ್ಲಿ ಪ್ರಕಟವಾದ 'ಜಾಯ್, ಇಂಕ್.' ಎಂಬ ಗ್ರಂಥದಲ್ಲಿ ವಿವರಿಸಿದ್ದಾರೆ. ಆ ಗ್ರಂಥದಿಂದಲೂ, ಸಂಸ್ಥೆಯನ್ನು ನೋಡಲೆಂದು ಬಂದುಹೋದ ಸಾವಿರಾರು ಸಂದರ್ಶಕರಿಂದಲೂ ಅಲ್ಲಿಯ ಪದ್ಧತಿಗಳು ಪ್ರಸಿದ್ಧಿಗೆ ಬಂದವು.

ಅವುಗಳಲ್ಲಿ ಮೊದಲನೆಯದು ಯುಗ್ಮಪದ್ಧತಿ. ಇಬ್ಬರಿಗೆ ಒಂದೇ ಗಣಕಯಂತ್ರ. ಒಬ್ಬರು ಬರೆಯುತ್ತಿರುವಾಗ ಮತ್ತೊಬ್ಬರು ಪಕ್ಕದಲ್ಲಿದ್ದು ಆಲೋಚಿಸುತ್ತಾರೆ, ಪ್ರಶ್ನಿಸುತ್ತಾರೆ, ತಿದ್ದುತ್ತಾರೆ. ಕೆಂಟ್ ಬೆಕ್ ಎಂಬವರು 1999ರಲ್ಲಿ ಪ್ರಕಟಿಸಿದ ಗ್ರಂಥದಿಂದ ಪ್ರಚಾರಗೊಂಡ 'ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್' ಎಂಬ ಕಾರ್ಯವಿಧಾನದ ಅಂಗವಿದು. ಮೆನ್ಲೊ ಸಂಸ್ಥೆಯು ಇದನ್ನು ಎಲ್ಲರಿಗೂ ಎಲ್ಲ ದಿನಗಳಿಗೂ ಅನ್ವಯಿಸಿತು. ಅಷ್ಟಕ್ಕೆ ನಿಲ್ಲದೆ ಜೋಡಿಗಳನ್ನು ವಾರವಾರವೂ ಬದಲಾಯಿಸಿತು. ಹೀಗೆ ಮಾಡಿದುದರಿಂದ ಯಾವ ಕೆಲಸದ ಮರ್ಮವೂ ಒಬ್ಬನಲ್ಲಿಯೇ ಉಳಿಯಲಿಲ್ಲ. ಒಬ್ಬನು ರಜೆಯ ಮೇಲೆ ಹೋದರೆ ಕೆಲಸ ನಿಲ್ಲುವುದಿಲ್ಲವಾದುದರಿಂದ ರಜೆ ಕೇಳುವುದು ಅಪರಾಧವೆನಿಸಲಿಲ್ಲ. ಹೊಸಬನು ಹಳಬನ ಪಕ್ಕದಲ್ಲಿಯೇ ಕುಳಿತಿರುವುದರಿಂದ 'ಗೊತ್ತಿಲ್ಲ' ಎಂಬ ಮಾತು ನಿತ್ಯದ ಮಾತಾಯಿತು. ವಾರಕ್ಕೆ ಸುಮಾರು 40 ಗಂಟೆಗಳ ದುಡಿಮೆಯೆಂಬ ಮಿತಿಯನ್ನು ಪಾಲಿಸಲು ಸಾಧ್ಯವಾದುದೂ ಬಹುಮಟ್ಟಿಗೆ ಇದರಿಂದಲೇ.

ಎರಡನೆಯದು ಕೆಲಸವನ್ನು ಕಣ್ಣಿಗೆ ಕಾಣುವಂತೆ ಮಾಡುವ ಕ್ರಮ. ಮಾಡಬೇಕಾದ ಒಂದೊಂದು ಕೆಲಸವನ್ನೂ ಒಂದೊಂದು ಕಾಗದದ ಚೀಟಿಯ ಮೇಲೆ ಕೈಯಿಂದ ಬರೆಯುತ್ತಾರೆ. ಅದಕ್ಕೆ ಎಷ್ಟು ಗಂಟೆಗಳು ಬೇಕೆಂಬ ಅಂದಾಜನ್ನು ಯಜಮಾನನಲ್ಲ, ಕೆಲಸ ಮಾಡುವವರೇ ಕಟ್ಟುತ್ತಾರೆ. ಗಂಟೆಗಳಿಗೆ ತಕ್ಕ ಅಳತೆಯಲ್ಲಿ ಮಡಿಸಿದ ಆ ಕಾಗದಗಳನ್ನು ಗಿರಾಕಿಯು ತಾನೇ ಹಾಳೆಯ ಮೇಲೆ ಜೋಡಿಸಿ, ಮುಂದೆ ಯಾವುದು ಆಗಬೇಕೆಂದು ಆರಿಸಿಕೊಳ್ಳುತ್ತಾನೆ. ಹಾಳೆ ತುಂಬಿದ ಮೇಲೆ ಹೊಸದೊಂದನ್ನು ಸೇರಿಸಬೇಕಾದರೆ ಹಳೆಯದೊಂದನ್ನು ತೆಗೆಯಲೇಬೇಕು. 'ಇದೂ ಆಗಲಿ, ಅದೂ ಆಗಲಿ' ಎಂಬ ಹಟದ ಹೊರೆ ನೌಕರನ ನಿದ್ರೆಯ ಮೇಲೆ ಬೀಳದಂತೆ ತಡೆದದ್ದು ಒಂದು ಕಾಗದದ ಅಂಚು! ಗೋಡೆಗೆ ಚುಚ್ಚಿದ ಚೀಟಿಗಳ ಮೇಲೆ ಬಣ್ಣದ ಬೊಟ್ಟುಗಳನ್ನು ಅಂಟಿಸಿ, ಯಾವುದು ನಡೆದಿದೆ, ಯಾವುದು ಮುಗಿದಿದೆ, ಯಾವುದು ತೊಡಕಿನಲ್ಲಿದೆ ಎಂಬುದನ್ನು ಎಲ್ಲರಿಗೂ ತಿಳಿಯುವಂತೆ ಇಡುತ್ತಾರೆ. ತೊಡಕು ಗೋಡೆಯ ಮೇಲೆಯೇ ಕಾಣುವುದರಿಂದ ಅದನ್ನು ಬಚ್ಚಿಡುವ ಪ್ರಸಂಗ ಬರುವುದಿಲ್ಲ.

ಪ್ರತಿದಿನ ಬೆಳಿಗ್ಗೆ ಸಂಸ್ಥೆಯ ಎಲ್ಲರೂ ವರ್ತುಲಾಕಾರವಾಗಿ ನಿಲ್ಲುತ್ತಿದ್ದರು. ಎರಡು ಕೊಂಬುಗಳುಳ್ಳ ಆಟದ ಶಿರಸ್ತ್ರಾಣವೊಂದು ಕೈಯಿಂದ ಕೈಗೆ ಸಾಗುತ್ತಿತ್ತು. ಜೋಡಿಯ ಇಬ್ಬರೂ ಒಂದೊಂದು ಕೊಂಬನ್ನು ಹಿಡಿದು, ತಮ್ಮ ಕೆಲಸವೇನು, ಎಲ್ಲಿ ನೆರವು ಬೇಕು ಎಂಬುದನ್ನು ನಾಲ್ಕು ಮಾತುಗಳಲ್ಲಿ ಹೇಳಿ ಮುಂದಿನವರಿಗೆ ದಾಟಿಸುತ್ತಿದ್ದರು. ಹತ್ತಾರು ಜನರ ಸಭೆ ಕಾಲು ಗಂಟೆಯೊಳಗೆ ಮುಗಿಯುತ್ತಿತ್ತು. ನೋಡುವವರಿಗೆ ಇದು ಬಾಲಲೀಲೆಯಂತೆ ತೋರಬಹುದು. ಆದರೆ ನೆರವು ಬೇಕೆಂದು ಎಲ್ಲರೆದುರು ಹೇಳುವ ಸಂಕೋಚವನ್ನು ನಿತ್ಯದ ಅಭ್ಯಾಸದಿಂದ ಕಳೆಯುವುದು ಅದರ ಹಿಂದಿನ ಉದ್ದೇಶ.

ನೌಕರರನ್ನು ಆರಿಸುವ ರೀತಿಯೂ ಇದಕ್ಕೆ ಅನುಗುಣವಾಗಿಯೇ ಇದೆ. ಹಲವು ಅಭ್ಯರ್ಥಿಗಳನ್ನು ಒಟ್ಟಿಗೆ ಕರೆಸಿ ಇಬ್ಬಿಬ್ಬರನ್ನು ಜೊತೆಮಾಡಿ, ಆ ಇಬ್ಬರಿಗೂ ಒಂದೇ ಪೆನ್ಸಿಲನ್ನು ಕೊಡುತ್ತಾರೆ. ಪಕ್ಕದಲ್ಲಿರುವ ಪ್ರತಿಸ್ಪರ್ಧಿಯು ಚೆನ್ನಾಗಿ ಕಾಣುವಂತೆ ನೆರವಾಗಬೇಕೆಂಬುದೇ ಅಲ್ಲಿಯ ನಿಬಂಧನೆ. ಪೆನ್ಸಿಲನ್ನು ಕಸಿದುಕೊಂಡವನು ಎಂಥ ಮೇಧಾವಿಯಾದರೂ ಮುಂದಿನ ಹಂತಕ್ಕೆ ಹೋಗಲಾರ. ಅನಂತರ ಸಂಬಳ ಸಹಿತವಾದ ಒಂದು ದಿನದ ಪರೀಕ್ಷೆ, ಅದಾದ ಮೇಲೆ ಮೂರು ವಾರಗಳ ಪರೀಕ್ಷಾವಧಿ. ಇನ್ನೊಂದು ಸಂಗತಿ: ಹೆರಿಗೆಯ ರಜೆ ಮುಗಿದರೂ ಮಗುವನ್ನು ಬಿಟ್ಟುಬರಲು ದಾರಿಯಿಲ್ಲದ ತಾಯಿಯೊಬ್ಬಳಿಗೆ ಮಗುವನ್ನು ಕಚೇರಿಗೇ ಕರೆತರಲು ಅನುಮತಿ ಕೊಡಲಾಯಿತು. ಆ ಮೇಲೆ ಹಲವು ಹಸುಳೆಗಳು ಅಲ್ಲಿ ತಂದೆತಾಯಿಯರ ಪಕ್ಕದಲ್ಲಿಯೇ ಹಗಲನ್ನು ಕಳೆದು ಬೆಳೆದವು.

ತಪ್ಪನ್ನು ಹೇಳಿಕೊಳ್ಳುವುದರ ಬೆಲೆಯೇನು ಎಂಬ ಬಗ್ಗೆ ವಿದ್ವಾಂಸರ ಸಂಶೋಧನೆಗಳೂ ನಡೆದಿವೆ. ಅಮೆರಿಕದ ಏಮಿ ಎಡ್ಮಂಡ್‌ಸನ್ ಎಂಬ ವಿದುಷಿಯು ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಪರಿಶೀಲಿಸಿ 1996ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಉತ್ತಮ ನಾಯಕತ್ವವುಳ್ಳ ತಂಡಗಳಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿದ್ದುದು ಅವರಿಗೆ ಆಶ್ಚರ್ಯವನ್ನುಂಟುಮಾಡಿತು. ವಿಚಾರಿಸಲಾಗಿ, ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿದ್ದುವೆಂದಲ್ಲ, ಆದ ತಪ್ಪನ್ನು ಅಂಜದೆ ಹೇಳಿಕೊಳ್ಳುತ್ತಿದ್ದುವು ಎಂಬ ಅರ್ಥ ಹೊಳೆಯಿತು. ಬಳಿಕ 1999ರಲ್ಲಿ, ಒಂದು ಕಾರ್ಖಾನೆ ಸಂಸ್ಥೆಯ 51 ತಂಡಗಳ ಅಧ್ಯಯನದಿಂದ, ಅಂಜದೆ ಮಾತನಾಡಬಲ್ಲ ತಂಡಗಳೇ ಚೆನ್ನಾಗಿ ಕಲಿಯುತ್ತವೆಂದು ತೋರಿಸಿದರು. 'ನಡೆಯುವವನು ಎಡವದೆ ಕುಳಿತವನು ಎಡವುತ್ತಾನೆಯೆ?' ಎಂಬ ಕನ್ನಡದ ಗಾದೆಯೂ ಈ ಮಾತನ್ನೇ ಅಲ್ಲವೆ ಹೇಳುವುದು?

ಇಷ್ಟೆಂದ ಮಾತ್ರಕ್ಕೆ ಈ ಪದ್ಧತಿಯು ನಿರ್ದೋಷವಾದುದೆಂದು ಭಾವಿಸಲಾಗದು. ಇದರ ವಿವರಗಳು ಬಹುಪಾಲು ಯಜಮಾನರ ಲೇಖನಿಯಿಂದಲೇ ಬಂದವು ಎಂಬುದನ್ನು ನೆನಪಿನಲ್ಲಿಡಬೇಕು. ದಿನವಿಡೀ ಇನ್ನೊಬ್ಬರೊಡನೆ ಮಾತನಾಡುತ್ತ ಕೆಲಸ ಮಾಡುವುದು ಮನಸ್ಸಿಗೆ ಆಯಾಸಕರ. ಏಕಾಂತದಲ್ಲಿ ಮಾತ್ರವೇ ಆಲೋಚನೆ ಅರಳುವ ಸ್ವಭಾವದವರಿಗೆ ಗೋಡೆಗಳಿಲ್ಲದ ಆ ಕೋಣೆ ಒಗ್ಗದು. 'ಇದು ನಾನೊಬ್ಬನೇ ಮಾಡಿದುದು' ಎಂಬ ಹೆಮ್ಮೆಗೆ ಅಲ್ಲಿ ಎಡೆಯಿಲ್ಲ. ಒಬ್ಬನ ಕೆಲಸಕ್ಕೆ ಇಬ್ಬರ ಸಂಬಳವೇಕೆಂದು ಕೇಳುವ ಗಿರಾಕಿಗೆ, ತಪ್ಪುಗಳನ್ನು ಆಮೇಲೆ ತಿದ್ದುವ ವೆಚ್ಚ ಉಳಿಯುವುದೆಂದು ಮನಗಾಣಿಸಬೇಕಾಗುತ್ತದೆ. 2020ರಲ್ಲಿ ಕೊರೊನಾ ಪಿಡುಗು ಹಬ್ಬಿದಾಗ, ಒಂದೇ ಕೋಣೆಯ ಸಾಮೀಪ್ಯವನ್ನು ನೆಚ್ಚಿದ್ದ ಈ ಸಂಸ್ಥೆಗೂ ಮನೆಗಳಿಂದಲೇ ದುಡಿಯಬೇಕಾದ ಪ್ರಸಂಗ ಬಂದಿತು. ಆಗ ಪಕ್ಕದ ಕುರ್ಚಿಯ ಜೊತೆಗಾರನು ಪರದೆಯೊಳಗಿನ ಜೊತೆಗಾರನಾದನು. ಜೋಡಿ ಮಾತ್ರ ಮುರಿಯಲಿಲ್ಲ.

ಆ ಶಿರಸ್ತ್ರಾಣವನ್ನಾಗಲಿ ಬಣ್ಣದ ಬೊಟ್ಟುಗಳನ್ನಾಗಲಿ ಎಲ್ಲರೂ ಅನುಕರಿಸಬೇಕಾಗಿಲ್ಲ. ಗ್ರಹಿಸಬೇಕಾದುದು ಅವುಗಳ ಹಿಂದಿರುವ ತತ್ತ್ವವನ್ನು. ತಿಳಿಯದುದನ್ನು ತಿಳಿಯದೆಂದು ಹೇಳುವ ಧೈರ್ಯವು ಉಪದೇಶದಿಂದ ಬರುವುದಿಲ್ಲ, ಹಾಗೆ ಹೇಳಿದವನಿಗೆ ಕೇಡಾಗದಂಥ ವ್ಯವಸ್ಥೆಯಿಂದ ಬರುತ್ತದೆ. ಆ ಧೈರ್ಯದ ಬೀಜ ಬೀಳುವುದೂ ಬಾಡುವುದೂ ಕಚೇರಿಯಲ್ಲಿ ಅಲ್ಲ, ಅದಕ್ಕಿಂತ ಬಹು ಮೊದಲು, ಪಾಠಶಾಲೆಯ ಹಲಗೆಯ ಮೇಲೆ. ಎದ್ದುನಿಂತು 'ತಿಳಿಯಲಿಲ್ಲ, ಗುರುಗಳೆ' ಎಂದ ಹುಡುಗನನ್ನು ತರಗತಿಯು ನಕ್ಕು ಕುಳ್ಳಿರಿಸಿತೋ, ಗುರುಗಳು ಹತ್ತಿರ ಕರೆದು ಮತ್ತೊಮ್ಮೆ ಹೇಳಿಕೊಟ್ಟರೋ ಎಂಬುದನ್ನು ಅವನು ಮರೆಯುವುದಿಲ್ಲ. ಇಪ್ಪತ್ತು ವರ್ಷಗಳ ಮೇಲೆ ಅವನೇ ಸಂಸ್ಥೆಯೊಂದರ ಹಿರಿಯನಾಗಿ ಕುಳಿತಾಗ, ತನ್ನೆದುರು ತಪ್ಪೊಪ್ಪಿಕೊಂಡು ನಿಂತ ಕಿರಿಯನನ್ನು ಅವನು ನಡೆಸಿಕೊಳ್ಳುವುದು ಆ ನೆನಪಿನಂತೆಯೇ.